ನಾಯಿಯ ಋಣ, ಊರಿನ ಋಣ

(ಪುಣೆ–ಅಹಿಲ್ಯಾನಗರ ಹೆದ್ದಾರಿಯ ಮೇಲಿನ ರಾಂಜಣಗಾಂವ. ಅಕ್ಕ ಮುಧೋಳ ಕಡೆಯವರು. ಇಲ್ಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಕಾರ್ಖಾನೆಯೊಂದರಲ್ಲಿ ಬಹಳ ವರ್ಷಗಳಿಂದ ನೌಕರಿ. ಆಕೆಯನ್ನು ಅಕ್ಕ ಎಂದು ಕರೆಯುವ ತಮ್ಮ ಗಾಣಗಾಪುರ ಕಡೆಯವನು. ಜರ್ಮನಿಯಲ್ಲಿ ಕೆಲಕಾಲ ಇದ್ದು ಈಗ ಇಲ್ಲಿಯ ಕೆಲಸಕ್ಕೆ ಬಂದಿದ್ದಾನೆ. ಡಿಸೆಂಬರ್ ತಿಂಗಳ ಒಂದು ರವಿವಾರ ಅಕ್ಕನ ನಾಯಿಯ ಜೊತೆ ಹೊಲದ ದಾರಿ ಹಿಡಿದು ನಡೆಯುತ್ತ ಆಡಿದ ಮಾತುಗಳಿವು.)

ತಮ್ಮ: ಅಕ್ಕಾರ, ನಾನೂ ಒಂದು ನಾಯಿ ಸಾಕಬೇಕಂತ ಮಾಡೀನಿ. ಹೊಸ ಊರು, ಒಬ್ಬಾಂವನ ಮನಿ. ರವಿವಾರ ಬಂತಂದ್ರ ಹೊತ್ತೇ ಹೋಗೂದಿಲ್ಲ. ನಿಮ್ಮ ಕಡೆಯಿಂದ ಒಂದು ಮುಧೋಳ ಮರಿ ತರಿಸಿ ಕೊಡ್ರಿ.

ಅಕ್ಕ: ಮರಿ ತರಿಸೋದು ದೊಡ್ಡ ಮಾತಲ್ಲ. ಮೊದಲ ಒಂದು ಕೇಳ್ತೀನಿ, ಹೇಳು. ನಿನ್ನ ಬ್ಯಾಸರ ಕಳೀಲಿಕ್ಕೆ ನಾಯಿ ಬೇಕಾಗ್ಯದೋ, ಹತ್ತು–ಹನ್ನೆರಡು ವರ್ಷ ಅದರ ಬಾಳು ನಡಸೂ ಜವಾಬ್ದಾರಿ ನಿನಗ ಬೇಕಾಗ್ಯದೋ? ಬ್ಯಾಸರ ಎರಡು ತಿಂಗಳದಾಗ ಹೋಗ್ತದ, ನಾಲ್ಕು ಮಂದಿ ಗೆಳ್ಯಾರು ಸಿಕ್ರ ಮುಗೀತು. ನಾಯಿ ಆಮ್ಯಾಲೂ ಇರ್ತದ.

ತಮ್ಮ: ನಾಯಿ ಜೋಡಿ ತಿರುಗಾಡೋದು ನನಗ ಹೊಸದಲ್ಲರೀ. ಸ್ಟುಟ್‌ಗಾರ್ಟ್‌ದಾಗ ಇದ್ದಾಗ ನಮ್ಮ ಮನಿ ಮಾಲಕಿ ಅಜ್ಜಿಗೆ ಮೊಣಕಾಲು ಬ್ಯಾನಿ. ಚಳಿಗಾಲದಾಗ ಶನಿವಾರ, ರವಿವಾರ ಅವ್ರ ನಾಯೀನ ನಾನs ಕರ್ಕೊಂಡು ಹೋಗ್ತಿದ್ದೆ. ಡಿಸೆಂಬರ್‌ದಾಗ ಅಲ್ಲಿ ಮುಂಜಾನೆ ಎಂಟು ಹೊಡದ ಮ್ಯಾಲ ಸೂರ್ಯ ಮೂಡ್ತಾನ, ಸಂಜೀಕ ನಾಲ್ಕೂವರಿ ಆಗೂದ್ರಾಗ ಮುಳುಗ್ತಾನ. ಇರೂ ಅಷ್ಟು ಬೆಳಕಿನ್ಯಾಗ ದ್ರಾಕ್ಷಿ ತೋಟದ ಗುಡ್ಡ ಹತ್ತಿ ಇಳಿಯೋದು. ಬರ್ಫು ಕರಗಲಿ ಅಂತ ಫುಟ್‌ಪಾತ್ ಮ್ಯಾಲ ಉಪ್ಪು ಹಾಕಿರ್ತಾರ, ಅದು ನಾಯಿ ಅಂಗಾಲು ಸುಡ್ತದ. ಮನೀಗೆ ಬಂದ ಕೂಡ್ಲೆ ಉಗುರುಬೆಚ್ಚಗಿನ ನೀರಿನ್ಯಾಗ ನಾಲ್ಕೂ ಕಾಲು ತೊಳೀಬೇಕು. ಇದನ್ನೆಲ್ಲಾ ಆ ಅಜ್ಜೀನೇ ಕಲಿಸಿದ್ರು.

ಅಕ್ಕ: ಚಲೋ ಮಾಡಿದ್ರು. ಅಲ್ಲಿ ನಾಯಿಗೆ ಕಾಯ್ದೆನೂ ಭಾಳ ಅದಾವಂತ ಕೇಳೀನಿ.

ತಮ್ಮ: ಹೌದ್ರಿ. ಊರಿನ ಆಡಳಿತಕ್ಕ ನಾಯಿ ತೆರಿಗಿ ಕಟ್ಟಬೇಕು. 2001ರ ಒಂದು ನಿಯಮ ಪ್ರಕಾರ ನಾಯೀನ ಸಾಕಷ್ಟು ಹೊತ್ತು ಬಯಲಾಗ ತಿರುಗಾಡಿಸಬೇಕು, ಸಾಕಿದವರು ಅದರ ಜೋಡಿ ದಿನಾ ಬೆರೀಬೇಕು. 2022ರಿಂದ ಆ ನಿಯಮ ಇನ್ನಷ್ಟು ಬಿಗಿ ಮಾಡ್ಯಾರ. ನಮ್ಮಲ್ಲಿ ಅಂಥಾದ್ದು ಏನೂ ಇಲ್ಲ ನೋಡ್ರಿ.

ಅಕ್ಕ: ಅದಾವಪ್ಪ, ಅವರ ಆ 2001ರ ನಿಯಮಕ್ಕಿಂತ ಮೊದಲs ಅದಾವ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 11ನೇ ಕಲಮು. ಸದಾ ಸರಪಳಿ ಹಾಕಿ ಕಟ್ಟಿದ ನಾಯಿಗೆ, ಇಲ್ಲಾ ಇಕ್ಕಟ್ಟಿನ ಜಾಗಾದಾಗ ಕೂಡಿಹಾಕಿದ ನಾಯಿಗೆ ಮಾಲಕ ತಕ್ಕಷ್ಟು ವ್ಯಾಯಾಮ ಮಾಡಸಲಿಲ್ಲ ಅಂದ್ರ ಅದು ಅಪರಾಧ. ಸರಿಯಾದ ಕಾರಣ ಇಲ್ಲದ ಸಾಕಿದ ಪ್ರಾಣೀನ ಬಿಟ್ಟು ಹೋದ್ರೂ ಅಪರಾಧ. ಎರಡೂ ಅದೇ ಕಲಮಿನ್ಯಾಗ ಬರದಾರ. ಮೊದಲನೇ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಷ್ಟು ಸಣ್ಣ ದಂಡಕ್ಕ ಯಾರೂ ಅಂಜೂದಿಲ್ಲ ಅನ್ನೋದು ಖರೆ. ಆದ್ರ ಬರದದ್ದು ಸರಿ ಅದ. ನಡಿಗಿ ಅನ್ನೋದು ನಾಯಿಗೆ ನಾವು ಮಾಡೂ ಉಪಕಾರ ಅಲ್ಲ, ಅದಕ್ಕ ಸಲ್ಲಬೇಕಾದದ್ದು.

ತಮ್ಮ: ಮುಧೋಳ ನಾಯಿಗಂತೂ ಹೆಚ್ಚು ಬೇಕಲ್ಲರೀ?

ಅಕ್ಕ: ಓಡಲಿಕ್ಕೇ ಹುಟ್ಟಿದ ಮೈ ಇದು. ನೋಡು, ಸಣ್ಣ ನಡ, ಆಳ ಎದಿ, ಉದ್ದ ಕಾಲು. ಮೂಗಿಗಿಂತ ಕಣ್ಣು ಚುರುಕು. ದೂರದಾಗ ಮೊಲ ಅಲುಗಾಡಿದ್ರ ಸಾಕು, ನಾವು ನೋಡೂದರೊಳಗ ಅರ್ಧ ಹೊಲ ದಾಟಿರ್ತದ. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳೀನ ಕಾಪಾಡಿ ಹೆಸರಿಗೆ ತಂದ್ರು. 2005ರ ಜನವರಿಯಾಗ ಅಂಚೆ ಇಲಾಖೆಯವರು ನಾಲ್ಕು ಭಾರತೀಯ ನಾಯಿ ತಳಿಗಳ ಸ್ಟಾಂಪು ತಂದ್ರಲ್ಲ, ಅದರಾಗ ಇದೂ ಒಂದು. ನಮ್ಮೂರ ಹತ್ತಿರ ತಿಮ್ಮಾಪುರದಾಗ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಅದ, ಸೈನ್ಯಕ್ಕೂ ಮರಿ ಕೊಟ್ಟಾರ. 2020ರ ಆಗಸ್ಟ್‌ದಾಗ ಪ್ರಧಾನಿ ತಮ್ಮ ರೇಡಿಯೋ ಮಾತಿನ್ಯಾಗ ಇದರ ಹೆಸರು ತಗೊಂಡ ಮ್ಯಾಲ ಮರಿ ಕೇಳೂ ಮಂದಿ ಹೆಚ್ಚಾದ್ರು. ನನ್ನ ಚಿಂತಿ ಇರೋದೇ ಅಲ್ಲಿ. ಇಂಥಾ ನಾಯೀನ ಎರಡು ಖೋಲಿ ಮನಿಯೊಳಗ ಕಟ್ಟಿಹಾಕಿದ್ರ ಅದು ಗ್ವಾಡಿ ಕೆರೀತದ, ಚಪ್ಪಲಿ ಹರೀತದ, ಒದರ್ತದ. ಆಮ್ಯಾಲ ಮಂದಿ ‘ನಾಯಿ ಕೆಟ್ಟದ’ ಅಂತಾರ. ನಾಯಿ ಕೆಟ್ಟಿರೂದಿಲ್ಲ, ಅದರ ನಡಿಗಿ ತಪ್ಪಿರ್ತದ.

ತಮ್ಮ: ಇದರ ಬೆನ್ನ ಮ್ಯಾಲ ಕೌದಿ ಹಾಕೀರಲ್ಲ, ಅಷ್ಟು ಥಂಡಿ ಆಗ್ತದೇನ್ರಿ?

ಅಕ್ಕ: ಆಗ್ತದ. ಮೈಮ್ಯಾಲ ಕೊಬ್ಬಿಲ್ಲ, ಕೂದಲಾ ಗಿಡ್ಡ. ಡಿಸೆಂಬರ್, ಜನವರಿಯಾಗ ಇಲ್ಲಿ ಬೆಳಗಿನ ಜಾವ ಹತ್ತು ಡಿಗ್ರಿಗಿಂತ ಕೆಳಗ ಇಳೀತದ, ಕರೀ ಹೊಲದ ಮ್ಯಾಲಿಂದ ಗಾಳಿ ಬೀಸಿದ್ರ ನಮಗೇ ಹಲ್ಲು ಕಡೀತಾವ. ನಮ್ಮವ್ವ ಹೊಲಿದ ಹಳೇ ಕೌದಿಯಿಂದ ಒಂದು ತುಂಡು ಕತ್ತರಿಸಿ, ಹೊಟ್ಟಿ ಕೆಳಗ ಲಾಡಿ ಕಟ್ಟೀನಿ. ಬಿಸಲು ಬಂದ ಮ್ಯಾಲ ಬಿಚ್ಚಿ ಹೆಗಲಿಗೆ ಹಾಕ್ಕೋತೀನಿ. ಕತ್ತಲದಾಗ ಹೊರಡೂದಿಲ್ಲ, ಹೊತ್ತು ಮೂಡಿ ಬೆಳಕು ಹರಿದ ಮ್ಯಾಲ ಹೊರಡ್ತೀನಿ. ಅದಕ್ಕ ಥಂಡಿ ಒಂದು ಕಾರಣ, ಇನ್ನೊಂದು ಕಾರಣ ಮುಂದ ಹೇಳ್ತೀನಿ.

ತಮ್ಮ: ದಾರಿ ಹೆಂಗ ಆರಿಸ್ತೀರಿ? ಈ ಕಡೆ ಹೆದ್ದಾರಿ, ಆ ಕಡೆ ಕಾರ್ಖಾನಿ.

ಅಕ್ಕ: ಗುಡಿ ಕಡೆ ರವಿವಾರ ಹೋಗೂದಿಲ್ಲ. ಮಹಾಗಣಪತಿ ಅಷ್ಟವಿನಾಯಕರೊಳಗ ಒಬ್ಬಾಂವ. ಪೂರ್ವಕ್ಕ ಮುಖ ಮಾಡಿದ ಗುಡಿ, ಪೇಶ್ವೆ ಮಾಧವರಾಯರ ಕಾಲದಾಗ ಗರ್ಭಗುಡಿ ಕಟ್ಟಿಸಿದ್ದು. ರಜಾ ದಿನ, ಸಂಕಷ್ಟಿ, ಮಾಘದ ಗಣೇಶ ಜಯಂತಿ ಅಂದ್ರ ಹೆಜ್ಜಿ ಇಡಲಿಕ್ಕೆ ಜಾಗಾ ಇರೂದಿಲ್ಲ. ಭಕ್ತರ ನಡುವ ನಾಯಿ ಒಯ್ದು ಅವರ ಮನಸಿಗೂ ಕಿರಿಕಿರಿ ಮಾಡಬಾರದು, ನಾಯೀನೂ ಅಂಜಸಬಾರದು. ಎಂಐಡಿಸಿ ರಸ್ತಾ ಬ್ಯಾಡ ಅಂತೀನಿ. ಎಲ್ಜಿ, ಫಿಯಟ್, ವರ್ಲ್‌ಪೂಲ್ ಹಿಡಕೊಂಡು ದೊಡ್ಡ ದೊಡ್ಡ ಕಾರ್ಖಾನಿ ಇರೂ ಜಾಗಾ, ಟ್ರಕ್ಕು ರವಿವಾರಾನೂ ನಿಲ್ಲೂದಿಲ್ಲ. ರಸ್ತಾ ಬಾಜೂಕ ಲೋಹದ ಚೂರು, ಗಾಜು ಬಿದ್ದಿರ್ತಾವ. ಗಟಾರದ ಬಾಜೂಕ ನಿಂತ ನೀರಂತೂ ಕುಡೀಲಿಕ್ಕೆ ಬಿಡಲೇಬಾರದು, ಮನೀಲಿಂದ ಬಾಟ್ಲಿ, ತಾಟು ತರ್ತೀನಿ. ಉಳಿದದ್ದು ಈ ಬಂಡಿದಾರಿ.

ತಮ್ಮ: ಈ ದಾರಿಗೂ ಕಾಲು ತೊಳೀಬೇಕೇನ್ರಿ?

ಅಕ್ಕ: ಉಪ್ಪಿಲ್ಲ, ಆದ್ರ ಜಾಲಿಮುಳ್ಳು ಅದ, ಕಡಿದ ಕಬ್ಬಿನ ಕೂಳಿ ಅದ. ಹುಲ್ಲಿನ್ಯಾಗ ಉಣ್ಣಿ ಹತ್ತತಾವ. ಮನೀಗೆ ಹೋದ ಕೂಡ್ಲೆ ಬೆರಳ ಸಂದಿ, ಕಿವಿ ಒಳಗ, ಬಗಲಾಗ ಬೆರಳಾಡಿಸಿ ನೋಡಬೇಕು. ನಡಿಗಿ ಅಂದ್ರ ಮನಿ ಬಾಗಲಿಗೆ ಬಂದ ಕೂಡ್ಲೆ ಮುಗೀತು ಅಂತ ತಿಳೀಬ್ಯಾಡ.

ತಮ್ಮ: ಅಲ್ಲಿ ನೋಡ್ರಿ, ಹೊಲದಾಗ ಹೊಗಿ ಏಳಕತ್ತದ. ಜೋಳದ ತೆನಿ ಸುಡ್ತಾರೇನು?

ಅಕ್ಕ: ಹುರಡಾ. ನಮ್ಮ ಕಡೆ ಸೀತನಿ ಅಂತೀವಲ್ಲ, ಅದೇ. ಹಿಂಗಾರಿ ಜೋಳ ಹಾಲುಗಾಳು ಕಟ್ಟಿ ಬಲಿಯೂ ಮುಂದ, ಕುಣಿಯೊಳಗ ಕುಳ್ಳಿನ ಕೆಂಡ ಮಾಡಿ ಹಸೀ ತೆನಿ ಸುಟ್ಟು, ಅಂಗೈಯಾಗ ತಿಕ್ಕಿ, ಉಪ್ಪು, ಶೇಂಗಾ ಚಟ್ನಿ, ಬೆಲ್ಲ ಇಟ್ಕೊಂಡು ತಿನ್ನೋದು. ವಿಜಯಪುರ, ಗದಗ ಕಡೆ ಹೆಂಗೋ ಇಲ್ಲೂ ಹಂಗ. ಆ ಹೊಲದ ಮಾಲಕರು ನಮಗ ಗುರ್ತು ಆದದ್ದೇ ಈ ನಾಯಿಯಿಂದ. ಮೊದಲ ನಾ ಈ ದಾರಿಯಾಗ ಒಬ್ಬಾಕೇ ತಿರುಗಾಡೂ ಮುಂದ ಯಾರೂ ಮಾತಾಡ್ತಿದ್ದಿಲ್ಲ. ನಾಯಿ ಬಂದ ಮ್ಯಾಲ ಅವ್ರು ಅದರ ಊರು ಕೇಳಿದ್ರು, ಆಮ್ಯಾಲ ನನ್ನ ಊರು ಕೇಳಿದ್ರು. ಇಲ್ಲಿ ಇದಕ್ಕ ಕಾರವಾನ್ ಅಂತಾರ, ಅವರ ಅಜ್ಜನ ಹತ್ರಾನೂ ಇತ್ತಂತ. ಮುಂದಿನ ರವಿವಾರ ಸೀತನಿಗೆ ಕರದ್ರು.

ತಮ್ಮ: ಜರ್ಮನಿಯಾಗೂ ಹಂಗs ಆತ್ರಿ. ಲಿಫ್ಟಿನ್ಯಾಗ ಮುಖ ನೋಡದವ್ರು, ನಾಯಿ ಜೋಡಿ ಇದ್ದಾಗ ನಿಂತು ಮಾತಾಡ್ತಿದ್ರು.

ಅಕ್ಕ: ಆಗ್ತದ. ಆದ್ರ ಅದನ್ನ ನಾಯಿ ಸಾಕೋದರ ಲಾಭ ಅಂತ ಲೆಕ್ಕ ಹಾಕಬ್ಯಾಡ. ನಮಗ ಪರಿಚಯ ಸಿಕ್ತು ಅಂದ್ರ ಅದರ ಜೋಡಿ ಒಂದು ಕಟ್ಟಳಿನೂ ಬಂತು. ಆ ಮಾಲಕರ ಹೊಲದಾಗ ನಾಯಿ ಬಿಟ್ರ ಜೋಳ ತುಳೀತದ, ಉಳ್ಳಾಗಡ್ಡಿ ಮಡಿ ಕೆದರ್ತದ. ಬದುವಿನ ಮ್ಯಾಲ ಸಂಡಾಸ ಮಾಡಿದ್ರ ಮುಚ್ಚೋದು, ದಾರಿ ಮ್ಯಾಲ ಮಾಡಿದ್ರ ತಗಿಯೋದು ನಮ್ಮ ಕೆಲಸ. ಪರಊರಾಗ ಇದ್ದವರು ನಾವು. ನಮ್ಮ ನಾಯಿ ಮಾಡಿದ್ದೂ ನಮ್ಮ ಹೆಸರಿಗೇ ಬರ್ತದ.

ತಮ್ಮ: ಅಂದ್ರ ಹಗ್ಗ ಬಿಚ್ಚೂದೇ ಇಲ್ಲೇನ್ರಿ? ಬಯಲು ಇಷ್ಟು ದೊಡ್ಡದು ಅದ, ಓಡೂ ನಾಯಿ.

ಅಕ್ಕ: ಓಡ್ಲಿ, ಉದ್ದ ಹಗ್ಗ ಕಟ್ಟಿ ನಾನೂ ಜೋಡಿ ಓಡ್ತೀನಿ. ಬೇಲಿ ಇದ್ದ ಜಾಗಾದಾಗ, ಮಾಲಕರು ಹೂಂ ಅಂದ್ರ ಬಿಡ್ತೀನಿ. ಬಯಲಾಗ ಬಿಡೂದಿಲ್ಲ. ಇದೇ ಶಿರೂರು ತಾಲೂಕಿನ್ಯಾಗ ಮೋರಾಚಿ ಚಿಂಚೋಳಿ ಅಂತ ಊರದ. ಹುಣಸಿಗಿಡ ಭಾಳ, ನವಿಲು ಭಾಳ, ನವಿಲು ನೋಡಲಿಕ್ಕೇ ಪುಣೆಯಿಂದ ಮಂದಿ ಬರ್ತಾರ. ಈ ಹೊಲದಾಗೂ ನವಿಲು ಇಳೀತಾವ. 1972ರ ವನ್ಯಜೀವಿ ಕಾಯ್ದೆಯಾಗ ನವಿಲು ಮೊದಲನೇ ಅನುಸೂಚಿಯಾಗ ಅದ. ನಮ್ಮ ನಾಯಿ ಒಂದು ನವಿಲಿನ ಮರಿ ಹಿಡೀತಂದ್ರ ಅದಕ್ಕ ಏನೂ ತಿಳಿಯೂದಿಲ್ಲ, ತಪ್ಪು ನಂದೇ.

ತಮ್ಮ: ಮುಂದ ಹೇಳ್ತೀನಿ ಅಂದ್ರಲ್ಲ, ಕತ್ತಲದಾಗ ಹೊರಡದ ಇನ್ನೊಂದು ಕಾರಣ?

ಅಕ್ಕ: ಆ ಕಬ್ಬು ನೋಡು. ಜುನ್ನರ ಅರಣ್ಯ ವಿಭಾಗ ಅಂದ್ರ ಜುನ್ನರ, ಆಂಬೇಗಾಂವ, ಖೇಡ್, ಶಿರೂರು ನಾಲ್ಕೂ ತಾಲೂಕು. ಇಲ್ಲಿ ಚಿರತಿ ಕಾಡಿನ್ಯಾಗಲ್ಲ, ಕಬ್ಬಿನ್ಯಾಗ ಇರ್ತಾವ. ಅಲ್ಲೇ ಮರಿ ಹಾಕ್ತಾವ. ಚಳಿಗಾಲ ಅಂದ್ರ ಕಬ್ಬು ಕಡಿಯೂ ಕಾಲ. ಬೀಡ್ ಕಡೆಯಿಂದ ಕಬ್ಬು ಕಡಿಯವ್ರು ಬರ್ತಾರ, ಮರಿ ಸಿಕ್ಕಾಗ ಅರಣ್ಯ ಇಲಾಖೆಯವ್ರು ರಾತ್ರಿ ಅದೇ ಹೊಲದಾಗ ಇಟ್ಟು ತಾಯಿ ಬಂದು ಒಯ್ಯೂತನಕ ಕಾಯ್ತಾರ. ಕಬ್ಬು ಹೋದಂಗ ಚಿರತಿಗೆ ಅಡಗೂ ಜಾಗಾ ಕಡಿಮಿ ಆಗ್ತದ, ಆಗ ಅವು ಹೊರಗ ಕಾಣಸ್ತಾವ.

ತಮ್ಮ: ಚಿರತಿ ನಾಯೀನ ಹಿಡೀತದ ಅಂತಾರಲ್ಲ, ಅದು ಖರೇನs ಅಷ್ಟು ಅದ ಏನ್ರಿ?

ಅಕ್ಕ: ಬಾಜೂ ಜಿಲ್ಲಾದ ಅಕೋಲೆ ತಾಲೂಕಿನ್ಯಾಗ ಸಂಶೋಧಕಿ ವಿದ್ಯಾ ಅತ್ರೇಯ ಅವ್ರು ಚಿರತಿ ಹಿಕ್ಕಿ ಪರೀಕ್ಷಾ ಮಾಡಿ ನೋಡಿದ್ರು, ನಮ್ಮ ಉಲ್ಲಾಸ ಕಾರಂತರೂ ಆ ಅಧ್ಯಯನದಾಗ ಇದ್ರು. ಚಿರತಿ ತಿಂದ ಒಟ್ಟು ಆಹಾರದ ತೂಕದಾಗ ನಾಯಿದೇ ಶೇಕಡಾ 39. ಆಡು ಅಲ್ಲಿ ನಾಯಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ವು, ಆದ್ರೂ ಅವುಗಳ ಪಾಲು ಶೇಕಡಾ 11. ಯಾಕಂದ್ರ ಆಡಿನ ಜೋಡಿ ಮಾಲಕ ಇರ್ತಾನ, ರಾತ್ರಿ ಕೊಟ್ಟಿಗಿಗೆ ಕಟ್ತಾನ. ನಾಯಿ ಬಿಡಾಡಿ ಇರ್ತದ. ಇದರಿಂದ ನಾ ಕಲಿತದ್ದಿಷ್ಟು: ಸಂಜಿ ಆಗೂದ್ರಾಗ ಮನಿ ಸೇರೋದು, ರಾತ್ರಿ ಒಳಗ ಮಲಗಸೋದು, ಕಬ್ಬಿನ ದಂಡ್ಯಾಗ ಗಿಡ್ಡ ಹಗ್ಗ.

ತಮ್ಮ: ಮನುಷ್ಯಾರ ಮ್ಯಾಲೂ ಬಿದ್ದದ್ದು ಓದೀನಿ.

ಅಕ್ಕ: 2025ರ ಅಕ್ಟೋಬರ್, ನವೆಂಬರ್‌ದಾಗ ಇದೇ ತಾಲೂಕಿನ ಪಿಂಪರಖೇಡ್ ಸುತ್ತ ಮಕ್ಕಳು ಸೇರಿ ಮೂವರು ಹೋದ್ರು. ಹೊಲಕ್ಕ ಹೋಗೂ ಮಂದಿ, ನಾಯಿ ಕೊರಳಿಗೆ ಕಟ್ಟೂವಂಥಾ ಮೊಳಿ ಪಟ್ಟಿ ತಮ್ಮ ಕೊರಳಿಗೆ ಕಟ್ಕೊಂಡು ದುಡಿಯಲಿಕ್ಕೆ ಹತ್ತಿದ್ರು. ಆ ನೋವು ಇರೂ ಊರಾಗ ನಾವು ಹುರುಪಿಗೆ ಅಂತ ಕತ್ತಲದಾಗ ನಾಯಿ ಹಿಡಕೊಂಡು ಕಬ್ಬಿನ ಸಾಲಿನ್ಯಾಗ ತಿರುಗಾಡಿದ್ರ ಅದು ಧೈರ್ಯ ಅಲ್ಲ. ನಾಯಿ ವಾಸನಿಗೆ ಚಿರತೀನ ಮನಿ ಹತ್ರ ಎಳದು ತಂದಂಗ. ನಾಯಿ ಸಾಕಿದವರ ಎಚ್ಚರ ಊರಿನ ಮಕ್ಕಳ ಸಲುವಾಗಿನೂ ಇರಬೇಕು.

ತಮ್ಮ: ಅಕ್ಕಾರ, ಎದುರಿಗೆ ಕುರಿ ಹಿಂಡು.

ಅಕ್ಕ: ಹಗ್ಗ ಗಿಡ್ಡ ಮಾಡ್ತೀನಿ. ಬಾ, ಬದು ಹತ್ತಿ ಬಾಜೂಕ ನಿಲ್ಲೂಣು, ಅವ್ರು ಮೊದಲ ಹೋಗ್ಲಿ. ಧನಗರರು. ದೀಪಾವಳಿ ಆದ ಮ್ಯಾಲ ಕುದುರಿ ಮ್ಯಾಲ ಮನಿ ಹೇರಿಕೊಂಡು ಹೊರಡ್ತಾರ, ದಾರಿ ಮ್ಯಾಲಿನ ಹೊಲದಾಗ ಕುರಿ ತರುಬಿ ಗೊಬ್ಬರ ಮಾಡಿ ಕೊಡ್ತಾರ. ನಮ್ಮ ಹಾಲುಮತದವರ ಬಾಳು ಹೆಂಗೋ ಹಂಗ. ಅವರ ನಾಯಿ ರಾತ್ರಿಯೆಲ್ಲಾ ಹಿಂಡು ಕಾಯ್ದಿರ್ತದ. ನಮ್ಮ ನಾಯಿ ವಿಹಾರಕ್ಕ ಬಂದದ್ದು, ಅದು ದುಡಿಯಲಿಕ್ಕೆ ಬಂದದ್ದು. ದಾರಿ ಯಾರು ಬಿಡಬೇಕು ಹೇಳು?

ತಮ್ಮ: ನಾವs ಬಿಡಬೇಕು. ನೋಡ್ರಿ, ಆ ಅಜ್ಜ ನಮ್ಮ ನಾಯಿ ನೋಡಿ ಕೈ ಮುಗದ್ರು!

ಅಕ್ಕ: ಖಂಡೋಬಾನ ನಾಯಿ ಅಂತ. ಇದೇ ಪುಣೆ ಜಿಲ್ಲಾದ ಜೇಜುರಿಯ ಖಂಡೋಬಾ, ನಮ್ಮ ಮೈಲಾರಲಿಂಗ. ಬೆಳಗಾವಿ ಜಿಲ್ಲಾದ ಮಂಗಸೂಳಿಗೆ ಎರಡೂ ಭಾಷಾದ ಮಂದಿ ನಡಕೋತಾರ. ಪಟದಾಗ ದೇವರು ಕುದುರಿ ಮ್ಯಾಲ, ಕೆಳಗ ನಾಯಿ ಇದ್ದೇ ಇರ್ತದ. ಮಾರ್ಗಶಿರ ಶುದ್ಧ ಪಾಡ್ಯದಿಂದ ಚಂಪಾ ಷಷ್ಠಿತನಕ ಆರು ದಿನ ಅವನ ಹಬ್ಬ, ಸರೀ ಈ ಚಳಿ ಹೊತ್ತಿಗೇ. ಹೂವಿನಹಡಗಲಿ ತಾಲೂಕಿನ ಮೈಲಾರದಾಗ ಗೊರವಯ್ಯಗಳು ಕರೀ ಕಂಬಳಿ ಹೊತ್ತು, ಡಮರುಗ ಬಾರಿಸಿ, ನಾಯಿಯಂಗ ಬೊಗಳಿ, ದೋಣಿ ಅನ್ನೂ ಪಾತ್ರಿಯೊಳಗಿನ ಹಾಲು–ಬಾಳಿಹಣ್ಣು ನಾಯಿಯಂಗ ಬಾಯಿ ಹಚ್ಚಿ ತಿಂತಾರ. ದೇವರ ಮುಂದ ನಾಯಿ ಆಗೋದು ಅವರಿಗೆ ಭಕ್ತಿ.

ತಮ್ಮ: ಹಂಗಾರ ನಾಯಿ ಮ್ಯಾಲಿನ ಮಮತಾ ನಮ್ಮಲ್ಲಿ ಹಳೇದು.

ಅಕ್ಕ: ಮಮತಾ ಅಷ್ಟs ಅಲ್ಲ, ಋಣಾನೂ ಹಳೇದು. ಮಂಡ್ಯ ಜಿಲ್ಲಾದ ಆತಕೂರಿನ ಶಾಸನ ಕೇಳೀಯಲ್ಲ? ಸುಮಾರು 950ರದ್ದು. ತಕ್ಕೋಲದ ಯುದ್ಧದಾಗ ಶೌರ್ಯ ತೋರಿಸಿದ ಮಣಲೇರನಿಗೆ ಗಂಗ ಬೂತುಗ ‘ಏನು ಬೇಕು ಕೇಳು’ ಅಂದಾಗ, ಮಣಲೇರ ರಾಜನ ಬೇಟಿನಾಯಿ ಕಾಳೀನ ಕೇಳಿದ. ಮುಂದ ಆ ಕಾಳಿ ದೊಡ್ಡ ಹಂದಿ ಜೋಡಿ ಕಾದಾಡಿ, ಹಂದೀನೂ ಸತ್ತು, ಅದೂ ಸತ್ತಿತು. ಅದಕ್ಕ ಕಲ್ಲು ನಿಲ್ಲಿಸಿ, ಪೂಜಿಗೆ ಭೂಮಿ ಬಿಟ್ರು. ಅಲ್ಲಿಯ ಗೊರವ ಆ ಕಲ್ಲಿನ ಪೂಜಿ ಮಾಡದ ಉಂಡ್ರ ಅವಗ ನಾಯಿ ಪಾಪ ತಟ್ತದ ಅಂತ ಬರಸ್ಯಾರ. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಾಗ ಅದ. ನಾಯಿಗೆ ಸಲ್ಲಬೇಕಾದದ್ದು ಸಲ್ಲಿಸದ ನೀ ಉಣ್ಣಬ್ಯಾಡ ಅಂತ ಸಾವಿರ ವರ್ಷದ ಹಿಂದ ಕಲ್ಲಿನ ಮ್ಯಾಲ ಕೆತ್ತಿಸಿದ ನಾಡು ನಮ್ಮದು. 1960ರ ಕಾಯ್ದೆ ಹೇಳೋದೂ ಅದನ್ನೇ, ನಿನ್ನ ಸ್ಟುಟ್‌ಗಾರ್ಟ್ ಅಜ್ಜಿ ಬಚ್ಚಲದಾಗ ಕಾಲು ತೊಳದು ಕಲಿಸಿದ್ದೂ ಅದನ್ನೇ.

ತಮ್ಮ: ಇಲ್ಲಿಂದ ನದಿ ಎಷ್ಟು ದೂರ್ರಿ? ನಾಯಿ ಕರ್ಕೊಂಡು ಹೋಗಬಹುದಾ?

ಅಕ್ಕ: ಶಿರೂರಿನ್ಯಾಗ ಘೋಡ್ ನದಿ. ಅದರಾಚಿ ನಿಘೋಜದಾಗ ಕುಕಡಿ ನದಿ ಕರೀಬಂಡಿ ಕೊರದು ದೊಡ್ಡ ದೊಡ್ಡ ಕುಣಿ ಮಾಡ್ಯದ. ಸೆಳವಿಗೆ ಸಿಕ್ಕ ಕಲ್ಲು ಒಂದೇ ಕಡೆ ಗರಗರ ತಿರುಗಿ ತಿರುಗಿ ಬಂಡಿಯೊಳಗ ಇಳದು ಆದ ಕುಣಿ ಅವು. ನೀರು ಕಡಿಮಿ ಇರೂ ಚಳಿಗಾಲದಾಗs ನೋಡಬೇಕು. ನಾಯೀನ ಮಾತ್ರ ಅಂಚಿಗೆ ಒಯ್ಯಬಾರದು, ಜಾರಿದ್ರ ಮ್ಯಾಲೆ ಬರೋದು ಕಷ್ಟ. ಕುಕಡಿ ಘೋಡ್‌ಗೆ ಕೂಡ್ತದ, ಘೋಡ್ ಭೀಮಾಕ್ಕ ಕೂಡ್ತದ. ಉಜನಿ, ಪಂಢರಪುರ ದಾಟಿ ನಿಮ್ಮ ಗಾಣಗಾಪುರಕ್ಕ ಬರೂದು ಈ ನೀರೇ.

ತಮ್ಮ: ಇದು ಪರಊರು ಅನಿಸೋದು ಅರ್ಧ ಕಡಿಮಿ ಆತು ಅಕ್ಕಾರ.

ಅಕ್ಕ: ನಡದ್ರ ಕಡಿಮಿ ಆಗ್ತದ. ಮೋಟಾರಿನ್ಯಾಗ ಹೋದ್ರ ರಾಂಜಣಗಾಂವ ಅಂದ್ರ ಒಂದು ಗುಡಿ, ಒಂದು ಎಂಐಡಿಸಿ. ನಾಯಿ ಮೂಗು ಹಚ್ಚಿದಲ್ಲೆಲ್ಲಾ ನಿಂತು ನಡದ್ರ ಯಾರ ಹೊಲದಾಗ ಏನು ಬಿತ್ಯಾರ, ಯಾವ ಬಾವಿಗೆ ನೀರದ, ಯಾವ ಮನಿ ಮುಂದಿನ ನಾಯಿ ಸಿಟ್ಟಿಂದು ಅನ್ನೂದೆಲ್ಲಾ ತಿಳೀತದ. ಊರು ಗೊತ್ತಾಗೋದು ಹಂಗ.

ತಮ್ಮ: ಬೀದಿ ನಾಯಿ ಅಡ್ಡ ಬಂದ್ರ ಏನು ಮಾಡ್ತೀರಿ?

ಅಕ್ಕ: ಓಡೂದಿಲ್ಲ, ಕಲ್ಲು ಒಗಿಯೂದಿಲ್ಲ. ನಿಂತು, ನಾಯೀನ ಹಿಂದ ಮಾಡಿ, ನಿಧಾನ ದಾರಿ ಬದಲಸ್ತೀನಿ. ವರ್ಷಾ ರೇಬೀಸ್ ಚುಚ್ಚುಮದ್ದು ಹಾಕಸ್ತೀನಿ. ನಮಗ ಹಲ್ಲು ತಾಗಿದ್ರ ಹದಿನೈದು ನಿಮಿಷ ಸಾಬಾಣ ಹಚ್ಚಿ ಹರಿಯೂ ನೀರಿನ್ಯಾಗ ತೊಳದು, ಅವತ್ತs ದವಾಖಾನಿಗೆ ಹೋಗಬೇಕು. ಆ ಎಂಐಡಿಸಿ ಗೇಟಿನ ಮುಂದ ನಿಂತ ನಾಯಿಗಳನ್ನ ನೋಡೀ? ಎರಡು–ಮೂರರ ಕೊರಳಾಗ ಇನ್ನೂ ಪಟ್ಟಿ ಅದ. ಕಾಂಟ್ರಾಕ್ಟು ಮುಗದು ಊರು ಬಿಟ್ಟವರು ಬಿಟ್ಟು ಹೋದವು. ಸಾಕಿದ ನಾಯಿಗೆ ಬೀದಿ ಬಾಳು ಗೊತ್ತಿರೂದಿಲ್ಲ. ಕೆಲವು ಗಾಡಿಗೆ ಸಿಗ್ತಾವ, ಕೆಲವು ಚಿರತಿಗೆ ಸಿಗ್ತಾವ, ಉಳಿದವು ಹಸದು ಮಂದಿ ಮ್ಯಾಲ ಬೀಳ್ತಾವ. ಅದರ ಕಷ್ಟ ಉಣ್ಣೂದು ಈ ಊರಿನವರು.

ತಮ್ಮ: ನನ್ನ ಕೆಲಸಾನೂ ಮೂರು ವರ್ಷದ ಕರಾರಿಂದು. ಆಮ್ಯಾಲ ಎಲ್ಲಿಗೆ ಹಾಕ್ತಾರೋ ಗೊತ್ತಿಲ್ಲ.

ಅಕ್ಕ: ಹಂಗಾರ ಈಗs ಮರಿ ತರಬ್ಯಾಡ. ಪ್ರತಿ ರವಿವಾರ ನನ್ನ ಜೋಡಿ ಬಾ, ಇದರ ಹಗ್ಗ ನೀ ಹಿಡಿ. ನಾ ಊರಿಗೆ ಹೋದಾಗ ಇದನ್ನ ನೀ ನಡಸು. ಹೋದಲ್ಲಿಗೆ ಕರ್ಕೊಂಡು ಹೋಗೂ ಧೈರ್ಯ, ಅದಕ್ಕ ತಕ್ಕ ಮನಿ ಹುಡುಕೂ ಮನಸ್ಸು ಬಂದಾಗ ಹೇಳು, ಮುಧೋಳಕ್ಕ ನಾನೇ ಜೋಡಿ ಬರ್ತೀನಿ. ನಾಯಿ ಬೇಕು ಅನ್ನೂ ಎಲ್ಲರಿಗೂ ನನ್ನ ಮಾತು ಇಷ್ಟೇ: ಬಿಟ್ಟು ಹೋಗೂ ಸಂಭವ ಇದ್ರ ತರಬ್ಯಾಡ್ರಿ. ತಂದ್ರ ದಿನಾ ನಡಸ್ರಿ, ಹಗ್ಗ ಹಿಡದು ನಡಸ್ರಿ, ಊರು ಬಿಡೂ ಮುಂದ ನಿಮ್ಮ ಜೋಡಿ ಕರ್ಕೊಂಡು ಹೋಗ್ರಿ.